ಊಟೆಮ್ಮನ ಉಡಿ

ಕುರುಗೋಡಿನ ಸಿದ್ದಲಿಂಗೇಶನ ಮನೆಯ ಪಡಸಾಲೆಯಲ್ಲಿ, ಹೊಸ್ತಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಹಾಗೆ, ಒಂದು ದೊಡ್ಡ ಫೋಟೋ ಇತ್ತು. ಮದುವೆಯ ಹೊಸತರಲ್ಲಿ ಅವನೂ ಹೆಂಡತಿ ಸುಮಂಗಲಾಳೂ ಊಟಿಗೆ ಹೋದಾಗ ತೆಗೆಸಿದ್ದು. ಹಿಂದೆ ಕೆರೆ, ಕೆರೆಯಾಚೆ ಹಸಿರು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬೆಳ್ಳನೆಯ ಪುಟ್ಟ ಗುಡಿ. ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಬಂದಿದ್ದರು. ಅವರು ಊಟಿಯನ್ನು ಕಂಡೇ ಇರಲಿಲ್ಲ ಅನ್ನುವುದೊಂದನ್ನು ಬಿಟ್ಟರೆ ಆ ಫೋಟೋದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ.

ಹೊರಟದ್ದಂತೂ ನಿಜ. ಸಿದ್ದಲಿಂಗೇಶ ಆಗ ಊರಲ್ಲಿ ಸಣ್ಣ ಆಸಾಮಿಯಲ್ಲ. ಕಲ್ಲುಗುಂಡು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುವ ಗಂಡು. ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಿಂದ ತನ್ನ ಗೊಬ್ಬರದ ಅಂಗಡಿಯ ತನಕ "ಊಟಿಗೆ ಹೊಂಟೀನಿ" ಎಂದು ಡಂಗುರ ಹೊಡೆದೇ ಬಸ್ಸು ಹತ್ತಿದ್ದ. ನಮ್ಮ ಬಳ್ಳಾರಿ ಸೀಮೆಯ ರಸ್ತೆಗಳು ಎರೆಹೊಲದ ನಡುವೆ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತವೆ, ಊರು ಬಂದರಷ್ಟೇ ತಿರುಗುತ್ತವೆ. ಗೂಡಲೂರು ದಾಟಿ ಬಸ್ಸು ಘಾಟಿ ಹತ್ತತೊಡಗಿದ ಮೇಲೆ ಈ ಗುಂಡೆತ್ತುವ ಗಂಡಿನ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಮೊದಲು ಕಿಟಕಿಯಾಚೆ, ಆಮೇಲೆ ಟವೆಲ್ಲಿಗೆ, ಕೊನೆಗೆ ಹೆಂಡತಿಯ ಹೊಸ ಸೀರೆಗೆ. ಬಸ್ಸು ನಿಲ್ಲಿಸಿ ಇಳಿದವನು ರಸ್ತೆ ಬದಿಯಲ್ಲಿ ಮಲಗಿಬಿಟ್ಟ. ಹತ್ತಿ ಬನ್ನಿ ಅಂದರೆ ಹೆಂಡತಿಗೆ ಕೈ ಮುಗಿದ. ಸುಮಂಗಲಾ ಕೆಳಗಿಳಿಯುವ ಜೀಪೊಂದನ್ನು ತಡೆದು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸ್ ಕರೆತಂದಳು.

ಹಾಗೇ ಊರಿಗೆ ಬಂದಿದ್ದರೆ ಜನ ನಾಲ್ಕು ದಿನ ನಕ್ಕು ಸುಮ್ಮನಾಗುತ್ತಿದ್ದರು. ಸಿದ್ದಲಿಂಗೇಶನಿಗೆ ಆ ನಾಲ್ಕು ದಿನದ ನಗುವೇ ಬೇಡವಾಗಿತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ಮಹಮ್ಮದ್ ಗೌಸನ ಮನೆಯಲ್ಲಿ ಉಳಿದುಕೊಂಡರು. ಗೌಸ್ ಮದುವೆ ಆಲ್ಬಮ್ ಮಾಡುವವನು. ಸಿರುಗುಪ್ಪದ ವರನನ್ನೂ ದೇಶನೂರಿನ ವಧುವನ್ನೂ ಹಿಮದ ಬೆಟ್ಟದ ಮುಂದೆ ನಿಲ್ಲಿಸುವುದು ಅವನ ದಿನದ ಕೆಲಸ, ಅದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ಸೀನರಿ ಅನ್ನುತ್ತಿದ್ದರು. ಇವರಿಬ್ಬರನ್ನೂ ಪರದೆಯ ಮುಂದೆ ನಿಲ್ಲಿಸಿ ಕ್ಲಿಕ್ಕಿಸಿದ, ಕಂಪ್ಯೂಟರಿನಲ್ಲಿ ಕೆರೆ ಹಾಕಿದ, ಗುಡ್ಡ ಹಾಕಿದ. "ಮ್ಯಾಗ ಖಾಲಿ ಖಾಲಿ ಕಾಣಾಕತ್ತೈತಿ" ಎಂದು ಗುಡ್ಡದ ಮೇಲೊಂದು ಗುಡಿಯನ್ನೂ ಇಟ್ಟ.

"ಇದು ನಮ್ಮೊಳಗ ಇರ್ಲಿ," ಎಂದು ಸಿದ್ದಲಿಂಗೇಶ ಹೆಂಡತಿಯ ಮುಂದೆ ತಲೆ ತಗ್ಗಿಸಿದ. "ಮಂದಿ ಮುಂದ ನನ್ನ ಮಾನ ಹೋಗ್ತೈತಿ."

ಸುಮಂಗಲಾಗೆ ಪಾಪ ಅನ್ನಿಸಿತು. ಗಂಡನ ಮಾನ ಬೇರೆ, ತನ್ನ ಮಾನ ಬೇರೆಯೇನು ಎಂದುಕೊಂಡಳು. ಅಷ್ಟಕ್ಕೇ ನಿಂತಿದ್ದರೆ ಅವಳನ್ನು ಯಾರೂ ತಪ್ಪು ಅನ್ನಬೇಕಿಲ್ಲ. ಆದರೆ ಊರಿಗೆ ಬಂದ ಮೇಲೆ ಅವಳಿಗೆ ಆ ಸುಳ್ಳಿನ ರುಚಿ ಹತ್ತಿತು. ಓಣಿಯ ಹೆಂಗಸರು ಸುತ್ತ ಕೂತು ಊಟಿ ಹೆಂಗೈತಿ ಎಂದು ಕೇಳಿದರೆ, ಬೊಟಾನಿಕಲ್ ಗಾರ್ಡನ್ನು, ಬೋಟಿಂಗು, ಪುಟಾಣಿ ರೈಲು, ಬಾಯಿ ಬಿಟ್ಟರೆ ಹೊಗೆ ಬರುವ ಚಳಿ ಎಂದು, ಟೀವಿಯಲ್ಲಿ ಕಂಡದ್ದನ್ನೂ ಅವರಿವರು ಹೇಳಿದ್ದನ್ನೂ ಚಿತ್ರಾನ್ನದ ಹಾಗೆ ಕಲಸಿ ಬಡಿಸುತ್ತಿದ್ದಳು. ಹೊಸದಾಗಿ ಮದುವೆಯಾದವರು ಅವಳ ಮಾತು ಕೇಳಿಯೇ ಊಟಿಯ ಕನಸು ಕಾಣುವಂತಾಯಿತು. ಊರಲ್ಲಿ ಹೀಗೊಂದು ಬೆಲೆ ಸಿಕ್ಕರೆ ಯಾರು ಬಿಡುತ್ತಾರೆ.

ಅತ್ತೆ ದಾಕ್ಷಾಯಣಮ್ಮ ಮಾತ್ರ ಫೋಟೋದಲ್ಲಿ ಕೆರೆಯನ್ನೂ ನೋಡಲಿಲ್ಲ, ಸೊಸೆಯ ಸ್ವೆಟರನ್ನೂ ನೋಡಲಿಲ್ಲ. ಆಕೆಯ ಕಣ್ಣು ಗುಡಿಯ ಮೇಲೆ ನೆಟ್ಟಿತು. ಸೋಮವಾರದ ಉಪವಾಸ ತಪ್ಪಿಸದ, ಹಾಲಿಗೆ ನೀರು ಬೆರೆಸಿದ ಗೌಳಿಗನನ್ನು ಎದುರಿಗೇ ಕರೆದು ಬೈಯುವ ನೇರ ಬಾಯಿಯ ಹೆಂಗಸು. ಮದುವೆಯಾಗಿ ವರ್ಷಗಳು ಕಳೆದರೂ ಸೊಸೆಯ ಮಡಿಲು ತುಂಬದಿದ್ದಾಗ ಒಂದು ಮುಂಜಾನೆ ಕೇಳಿದಳು.

"ಸುಮಂಗಲಾ, ಅವತ್ತು ಈ ಗುಡಿಗೆ ಹೋಗಿದ್ರೇನು?"

"ಇಲ್ರಿ ಅತ್ತಿ."

ಇದೊಂದು ವಿಷಯದಲ್ಲಿ ನಿಜ ಹೇಳಿದ್ದೇ ಅವಳಿಗೆ ಮುಳುವಾಯಿತು.

"ಅದಕ ನೋಡು. ತಾಯಿ ಕಾಲಬುಡಕ್ಕ ಹೋಗಿ, ಆಕಿಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸ್ಕೊಂಡು ಬಂದೀರಿ. ಆಕಿಗೆ ಸಿಟ್ಟು ಬರದ ಇರ್ತೈತೇನು?"

ಆವತ್ತಿನಿಂದ ಜಗುಲಿಗೆ ದೀಪ ಹಚ್ಚಿದ ಮೇಲೆ ದಾಕ್ಷಾಯಣಮ್ಮ ಫೋಟೋದ ಕಡೆಗೂ ತಿರುಗಿ ಕೈ ಮುಗಿಯತೊಡಗಿದಳು. ದೇವಿಯ ಹೆಸರು ಗೊತ್ತಿರಲಿಲ್ಲವಾಗಿ ತಾನೇ ಊಟೆಮ್ಮ ಎಂದು ಹೆಸರಿಟ್ಟಳು. ಮೊಮ್ಮಗುವನ್ನು ಕೊಟ್ಟರೆ ನಿನ್ನ ಗುಡಿಗೇ ಬಂದು ನನ್ನ ಕೈಯಾರೆ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತಳು. ಮರುವರ್ಷ ನೀಲಾಂಬಿಕಾ ಹುಟ್ಟಿದಳು. ಓಣಿಯ ಬಾಯಲ್ಲಿ ಊಟೆಮ್ಮ ನಿಜವಾದ ದೇವರಾದಳು.

ಗಂಡ ಹೆಂಡತಿ ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡಿಕೊಂಡು ಹರಕೆಯನ್ನು ಮುಂದೆ ಮುಂದೆ ತಳ್ಳಿದರು. ಈ ವರ್ಷ ಮಳೆ, ಮುಂದಿನ ವರ್ಷ ಅತ್ತೆಯ ಮಂಡಿನೋವು, ಆಮೇಲೆ ಕೂಸಿನ ಸಾಲಿ. ನೀಲಾಗೆ ನೆಗಡಿಯಾದರೂ ದಾಕ್ಷಾಯಣಮ್ಮ "ಉಡಿ ಉಳಿದೈತಿ" ಅನ್ನುತ್ತಿದ್ದಳು. ಹೋದ ಮಳೆಗಾಲದಲ್ಲಿ ಕೂಸಿಗೆ ಡೆಂಗಿಯಾಗಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದಾಗ, ಮುದುಕಿ ವಾರ್ಡಿನ ಹೊರಗೆ ನೆಲದ ಮೇಲೆ ಕೂತು ಊಟೆಮ್ಮನನ್ನು ಕರೆಕರೆದು ಅತ್ತಳು. ಮಗ ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದ. ಸುಮಂಗಲಾಗೆ ಆವತ್ತು ಹೇಳಿಬಿಡಬೇಕು ಅನ್ನಿಸಿತ್ತು. ಹೇಳಲಿಲ್ಲ. ಕೂಸು ಗುಣವಾಗಿ ಮನೆಗೆ ಬಂದ ಮೇಲೆ ಹೇಳುವ ಜರೂರೂ ಕಾಣಲಿಲ್ಲ, ಮನುಷ್ಯರ ಬುದ್ಧಿಯೇ ಅಷ್ಟು.

ಈ ಬೇಸಿಗೆಯಲ್ಲಿ ಅವರ ಮಹಿಳಾ ಸಂಘದವರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಊಟಿಗೆ ಹೊರಟರು. ಸಂಘದ ಮುಂದಾಳು ಯಂಕಮ್ಮ ಬಂದು ಹೇಳಿದ್ದೇ ತಡ, ದಾಕ್ಷಾಯಣಮ್ಮ ಮನೆಯಲ್ಲಿ ಉಳಿಯುವ ಗಂಡನ, ಮೊಮ್ಮಗಳ ಊಟವನ್ನು ಮಗನಿಗೆ ಒಪ್ಪಿಸಿ, ಹಸಿರು ಖಣ, ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು ಎಲ್ಲ ಕೂಡಿಸಿ ಗಂಟು ಕಟ್ಟಿದಳು.

"ಈಗರ ಹೇಳ್ರಿ," ಎಂದಳು ಸುಮಂಗಲಾ ಗಂಡನಿಗೆ. "ನೀವ ಹೇಳಿದ್ರ ಚಲೋ. ಅವರು ನಿಮ್ಮನ್ನ ಹೆತ್ತವರು."

"ನನ್ನಿಂದ ಆಗಂಗಿಲ್ಲ," ಎಂದ ಸಿದ್ದಲಿಂಗೇಶ. "ಊಟ್ಯಾಗ ಗುಡಿಗೇನು ಬರ? ಯಾವುದರ ಒಂದು ತೋರಿಸಿ ಉಡಿ ತುಂಬಿಸ್ಕೊಂಡು ಬಂದುಬಿಡು."

ಹೊರಡುವ ಹೊತ್ತಿಗೆ ನೋಡಿದರೆ ಅತ್ತೆ ಫೋಟೋವನ್ನು ಗೋಡೆಯಿಂದ ಇಳಿಸಿ, ಚೌಕಟ್ಟಿನ ಸಮೇತ ಟವೆಲಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡಿದ್ದಳು.

ಟೆಂಪೋದಲ್ಲಿ ದಾಕ್ಷಾಯಣಮ್ಮನ ಪಕ್ಕ ಕೂತವಳು ಹಿಂದಿನ ಓಣಿಯ ಅಂಜನಾ. ಸಿರಿಗೇರಿಯ ಹುಡುಗಿ, ಕುರುಗೋಡಿಗೆ ಸೊಸೆಯಾಗಿ ಬಂದು ಬಹಳ ವರ್ಷವಾದರೂ ಮಕ್ಕಳಿಲ್ಲ. ಬಳ್ಳಾರಿಯ ಡಾಕ್ಟರಮ್ಮನ ಹತ್ತಿರ ಸೂಜಿ, ಗುಳಿಗೆ ನಡೆದಿತ್ತು. ಮಾತು ಕಡಿಮೆ. ದಾರಿಯುದ್ದಕ್ಕೂ ಉಡಿಯ ಗಂಟನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ತಿರುವಿನಲ್ಲಿ ಬೀಳದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಘಾಟಿ ಏರಿ ಪೈಕಾರಾ ಬಂತು. ನೀರು ಬಂಡೆಯಿಂದ ಬಂಡೆಗೆ ಇಳಿಯುವುದನ್ನು ನೋಡಿ ಹೆಂಗಸರು ಬಾಯಿ ಮುಚ್ಚಲಿಲ್ಲ. ತುಂಗಭದ್ರೆಯ ಕಾಲುವೆ ನೋಡಿ ಬೆಳೆದವರಿಗೆ ನೀರು ಹೀಗೂ ಇರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಎಲ್ಲರೂ ಸುಮಂಗಲಾಳ ಕಡೆ ತಿರುಗಿದರು.

"ಇದನ್ನ ನೀ ಒಂದಿನಾನೂ ಹೇಳಲಿಲ್ಲಲ್ಲ ಲೇ," ಎಂದಳು ಯಂಕಮ್ಮ.

"ಆಗ ನೀರಿರಲಿಲ್ಲ," ಎಂದಳು ಸುಮಂಗಲಾ.

ಊಟಿಯಲ್ಲೂ ಇದೇ ಪಾಡು. ಬೊಟಾನಿಕಲ್ ಗಾರ್ಡನ್ನಿನ ಒಳಗೇ ಬೋಟಿಂಗ್ ಇದೆ ಎಂದು ಅವಳು ವರ್ಷಗಟ್ಟಲೆ ಹೇಳಿದ್ದಳು. ನೋಡಿದರೆ ಬೋಟಿನ ಕೆರೆ ಊರಿನ ಇನ್ನೊಂದು ಮೂಲೆಯಲ್ಲಿತ್ತು. ಈಗ ಎಲ್ಲ ಬದಲಾಗೈತಿ ಅಂದಳು. ಹೆಂಗಸರು ಪರಸ್ಪರ ಮುಖ ನೋಡಿಕೊಂಡರು, ಒಬ್ಬಳು ಕಿಸಕ್ಕನೆ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸುಮಂಗಲಾ ಯಾರು ನಕ್ಕರೂ ತನಗೇ ನಕ್ಕರು ಎಂದು ಕುಗ್ಗುತ್ತಿದ್ದಳು.

ಅವಳ ನಾಚಿಕೆ ಅಷ್ಟರಲ್ಲೇ ಮುಗಿಯುವಂತಿರಲಿಲ್ಲ. ದಾಕ್ಷಾಯಣಮ್ಮ ಕಂಡಕಂಡವರ ಮುಂದೆ ಟವೆಲು ಬಿಚ್ಚಿ ಫೋಟೋ ಹಿಡಿಯುತ್ತಿದ್ದಳು. ಹೂ ಮಾರುವವಳಿಗೆ, ಬೋಟಿನ ಟಿಕೆಟ್ ಕೊಡುವವನಿಗೆ, ಕುದುರೆ ಹಿಡಿದವನಿಗೆ. "ಈ ಗುಡಿ ಎಲ್ಲೈತಪ್ಪಾ?" ಆಕೆಗೆ ತಮಿಳು ಬಾರದು. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಕೇಳುತ್ತಿದ್ದಳು. ಮುದುಕಿಯ ಮುಖ ನೋಡಿ ಯಾರಿಗೂ ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಒಬ್ಬ ಕೂನೂರಿನ ಕಡೆ ಇರಬಹುದು ಎಂದ, ಇನ್ನೊಬ್ಬ ಕೋಟಗಿರಿಯ ಕಡೆ ಕೈ ತೋರಿಸಿದ. ಆ ಮಂಡಿ ಎಳೆದುಕೊಂಡು ಆಕೆ ಅತ್ತಲೂ ಇತ್ತಲೂ ನಡೆದಳು. ಫೋಟೋದೊಳಗಿನ ಸುಮಂಗಲಾ ಎಲ್ಲರಿಗೂ ನಗುಮುಖ ತೋರಿಸುತ್ತಿದ್ದಳು, ಹೊರಗಿನ ಸುಮಂಗಲಾ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಿಂದೆ ಹಿಂದೆ ಉಳಿಯುತ್ತಿದ್ದಳು.

ಗಂಡ ಹೇಳಿಕೊಟ್ಟದ್ದನ್ನೂ ಮಾಡಿ ನೋಡಿದಳು. ಮಾರ್ಕೆಟ್ಟಿನ ಹತ್ತಿರದ ಮಾರಿಯಮ್ಮನ ಗುಡಿಯ ಮುಂದೆ ಅತ್ತೆಯನ್ನು ನಿಲ್ಲಿಸಿ, "ಇದ ಇರಬೇಕ್ರಿ ಅತ್ತಿ" ಅಂದಳು.

ದಾಕ್ಷಾಯಣಮ್ಮ ಗುಡಿಗೆ ಭಕ್ತಿಯಿಂದ ಕೈ ಮುಗಿದಳು. ಆಮೇಲೆ ಫೋಟೋ ನೋಡಿದಳು, ಗೋಪುರ ನೋಡಿದಳು.

"ಇಕಿ ಪ್ಯಾಟ್ಯಾಗ ಅದಾಳ. ನಮ್ಮಾಕಿ ಗುಡ್ಡದ ಮ್ಯಾಗ ಅದಾಳ. ಒಬ್ಬಾಕಿಗೆ ಬೇಡ್ಕೊಂಡು ಇನ್ನೊಬ್ಬಾಕಿಗೆ ಕೊಟ್ರ ಮೋಸ ಆಗ್ತೈತಿ, ಯವ್ವಾ."

ಮೋಸ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಸುಮಂಗಲಾ ಮುಂದೆ ನಡೆದಳು.

ಊಟಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ದೊಡ್ಡಬೆಟ್ಟ, ಅಲ್ಲಿ ದುರ್ಬೀನು ಇಟ್ಟಿದ್ದಾರೆ, ಸುತ್ತಣ ಗುಡ್ಡಗಳೆಲ್ಲ ಅದರಲ್ಲಿ ಹತ್ತಿರ ಕಾಣುತ್ತವೆ ಎಂದು ಯಾರೋ ಹೇಳಿದರು. "ಹಂಗಾರ ಗುಡಿನೂ ಕಾಣ್ತೈತಿ" ಎಂದು ದಾಕ್ಷಾಯಣಮ್ಮ ಎದ್ದಳು.

ಬೆಟ್ಟದ ಮೇಲೆ ಮಂಜು ಕವಿದಿತ್ತು. ಉಳಿದ ಹೆಂಗಸರು ಸುಟ್ಟ ಜೋಳದ ತೆನೆ ತಿನ್ನುತ್ತ ಫೋಟೋ ತೆಗೆಸಿಕೊಳ್ಳುತ್ತ ಚದುರಿದರು. ದುರ್ಬೀನಿನ ಸಾಲಿನಲ್ಲಿ ಅತ್ತೆ ಮುಂದೆ, ಸೊಸೆ ಹಿಂದೆ ನಿಂತರು. ಸರದಿ ಬಂದಾಗ ದಾಕ್ಷಾಯಣಮ್ಮ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಒತ್ತಿ ನೋಡತೊಡಗಿದಳು. ನೋಡಿದಳು, ನೋಡೇ ನೋಡಿದಳು. ಹಿಂದಿನವರು ಗೊಣಗಿದರು.

"ಸ್ವಲ್ಪ ತಡೀರಪ್ಪಾ, ಮಂಜು ಸರೀಲಿ," ಎಂದಳು ಆಕೆ ಕಣ್ಣು ತೆಗೆಯದೆ. "ನನ್ನ ಮೊಮ್ಮಗಳ ಹರಕಿ ಐತಿ."

ಮೈಸೂರಿನ ಕಡೆಯವರಿರಬೇಕು, ಒಬ್ಬರಿಗೆ ಮಾತು ತಿಳಿಯಿತು. "ಹರಕೆಯಂತೆ, ನೋಡ್ಲಿ ಬಿಡಿ" ಎಂದು ಹಿಂದಿನವರಿಗೆ ಹೇಳಿದರು. ಇಡೀ ಸಾಲು ಸುಮ್ಮನಾಯಿತು. ಸಣ್ಣ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಚಳಿಯಲ್ಲಿ ನಡುಗುತ್ತ ಮುದುಕಿಗಾಗಿ ಕಾದರು. ಗುರುತು ಪರಿಚಯ ಇಲ್ಲದ ಜನ ತನ್ನ ಸುಳ್ಳಿಗೆ ಹೀಗೆ ತಾಳ್ಮೆಯಿಂದ ನಿಂತದ್ದನ್ನು ಸುಮಂಗಲಾಗೆ ನೋಡಲಾಗಲಿಲ್ಲ. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅತ್ತೆಯ ತೋಳು ಹಿಡಿದು ಹೊರಗೆ ಕರೆತಂದಳು.

"ನೋಡಬ್ಯಾಡ್ರಿ ಅತ್ತಿ. ಆ ಗುಡಿ ಇಲ್ಲಿಲ್ರಿ."

"ಮತ್ತೆಲ್ಲೈತಿ?"

"ಎಲ್ಲೂ ಇಲ್ರಿ."

ಕಟ್ಟೆಯ ಮರೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಘಾಟಿ, ವಾಂತಿ, ಜೀಪು, ಗೌಸನ ಪರದೆ, ಖಾಲಿ ಕಂಡ ಗುಡ್ಡದ ನೆತ್ತಿ. ಹೇಳುವಾಗ ಅತ್ತೆಯ ಪಾದವನ್ನಷ್ಟೇ ನೋಡುತ್ತಿದ್ದಳು. ನಡೆದು ನಡೆದು ಬಾತಿದ್ದವು.

ದಾಕ್ಷಾಯಣಮ್ಮ ಫೋಟೋವನ್ನು ಮತ್ತೆ ಟವೆಲಿನಲ್ಲಿ ಸುತ್ತಿದಳು. ಆಮೇಲೆ ಅಂದಳು. "ನನ್ನ ಮಗಗ ಇದು ಗೊತ್ತೈತಿ."

"ಹೂಂ ರಿ."

"ದವಾಖಾನ್ಯಾಗ ನಾ ನೆಲದ ಮ್ಯಾಗ ಕುಂತು ಊಟೆಮ್ಮ, ಊಟೆಮ್ಮ ಅಂತ ಅಳೋವಾಗ ಅವ ನನ್ನ ಬಾಜೂಕ ಕುಂತಿದ್ದ."

"ಹೂಂ ರಿ."

"ನೀನೂ ಇದ್ದಿ."

ಸುಮಂಗಲಾಗೆ ಅತ್ತೆ ಕೈ ಎತ್ತಿ ಎರಡೇಟು ಹೊಡೆದಿದ್ದರೆ ಚೆನ್ನಿತ್ತು ಅನ್ನಿಸಿತು. ಆಕೆ ಹಾಗೇನೂ ಮಾಡಲಿಲ್ಲ. ಜೊತೆಗೇ ತಂದಿದ್ದ ಉಡಿಯ ಗಂಟನ್ನು ತೆಗೆದುಕೊಂಡು ಹತ್ತಿರದ ಒಂದು ಮರದ ಬುಡದಲ್ಲಿ, ಹೊರೆ ಇಳಿಸುವ ಹಾಗೆ ಇಳಿಸಿದಳು. ಕೈ ಮುಗಿಯಲಿಲ್ಲ.

"ಉಡಿ ತುಂಬಾಕ ತಂದದ್ದು ಮನಿಗೆ ಹೊಳ್ಳಿ ಒಯ್ಯಾಕ ಬರಂಗಿಲ್ಲ," ಎಂದಳು. "ನಡಿ. ಅವರು ಕಾಯ್ತಿರ್ತಾರ."

ಟೆಂಪೋ ಹತ್ತಿದ ಕೂಡಲೇ ಯಂಕಮ್ಮ ಕೇಳಿದಳು. "ಸಿಕ್ಕಳೇನ್ರಿ ಊಟೆಮ್ಮ?"

ದಾಕ್ಷಾಯಣಮ್ಮ ತನ್ನ ಜಾಗದಲ್ಲಿ ಕೂತು, ಸೆರಗು ಸರಿಮಾಡಿಕೊಂಡು, "ಸಿಕ್ಕಳು" ಎಂದಳು.

"ಹೆಂಗ ಅದಾಳ್ರಿ?"

"ಚಲೋ ಅದಾಳ. ಸಣ್ಣ ಮೂರ್ತಿ. ಹಸಿರು ಸೀರಿ ಉಟ್ಟಾಳ. ಮೂಗುತಿ ಐತಿ." ಆಕೆಯ ದನಿ ಒಣಗಿತ್ತು, ಕಣ್ಣು ಕಿಟಕಿಯ ಆಚೆಗಿತ್ತು. "ಮುಖ ಶಾಂತ ಐತಿ."

ಹೆಂಗಸರು ಕೂತಲ್ಲೇ ಕೈ ಮುಗಿದರು. ನಮ್ಮನ್ನೂ ಕರೆಯಬೇಕಿತ್ತು ಎಂದು ಒಬ್ಬಿಬ್ಬರು ಮುನಿಸಿಕೊಂಡರು. ಮಗ ಸೊಸೆಯ ಮಾನ ಉಳಿಸಲು ಆ ಎಪ್ಪತ್ತರ ಹೆಂಗಸು, ಜನ್ಮದಲ್ಲಿ ಯಾರಿಗೂ ಸುಳ್ಳು ಹೇಳದವಳು, ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಳು. ಸುಮಂಗಲಾಗೆ ಕಿಟಕಿಯಿಂದ ಹಾರಿಬಿಡೋಣ ಅನ್ನಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವರ ಮಾನ ಅಡಿಕೆಗೂ ಅಲ್ಲ, ಮೂರು ವಾಂತಿಗೆ ಹೋಗುತ್ತಿತ್ತು. ಅದನ್ನು ಕಾಯಲು ಇಷ್ಟೆಲ್ಲ ತೆತ್ತಿದ್ದರು.

ಚಾಲಕ ದಾವಲಸಾಬ್ ಹಾಡು ಹಚ್ಚಿ ಗಾಡಿ ಇಳಿಜಾರಿಗೆ ಬಿಟ್ಟ. ಆಗ ಅಂಜನಾ ಮೆಲ್ಲಗೆ ದಾಕ್ಷಾಯಣಮ್ಮನ ಕೈ ಹಿಡಿದಳು.

"ದೊಡ್ಡಮ್ಮಾ, ನನ್ನ ಹೆಸರಿಲೆ ಒಂದು ಮಾತು ಬೇಡ್ಕೊಂಡ್ರೇನು?"

ದಾಕ್ಷಾಯಣಮ್ಮ ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಬೇಡ್ಕೊಂಡಿರ್ತೀರಿ, ನನಗ ಗೊತ್ತೈತಿ," ಎಂದಳು ಅಂಜನಾ. ಅಷ್ಟು ಮಾತನ್ನು ಅವಳು ದಾರಿಯುದ್ದಕ್ಕೂ ಆಡಿರಲಿಲ್ಲ. "ಬರೋ ಸೋಮವಾರ ಡಾಕ್ಟ್ರು ಬಾ ಅಂದಾರ. ಹೋಗಂಗಿಲ್ಲ. ಆ ಸೂಜಿ ತಗೊಂಡು ತಗೊಂಡು ಸಾಕಾಗೇತಿ. ಇನ್ನ ಎಲ್ಲ ಊಟೆಮ್ಮ ನೋಡ್ಕೊಂತಾಳ."

ಮುದುಕಿಯ ಮುಖ ಬಿಳಿಚಿಕೊಂಡಿತು. ಗಾಡಿ ಹತ್ತಿದ ಮೇಲೆ ಮೊದಲ ಸಲ ಸೊಸೆಯ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ನನ್ನ ಕೈಲಿ ಇಷ್ಟೇ ಆಗುವುದು ಅನ್ನುವ ಸೋಲು ಇತ್ತು.

ಸುಮಂಗಲಾ ಸೀಟಿನ ಕಂಬಿ ಹಿಡಿದು ಎದ್ದು ನಿಂತಳು.

"ಸೋಮವಾರ ದವಾಖಾನಿಗೆ ಹೋಗು, ಅಂಜನಾ. ಊಟೆಮ್ಮ ಇಲ್ಲ."

ದಾವಲಸಾಬ್ ಹಾಡು ಬಂದ್ ಮಾಡಿದ. ಅವಳು ಎರಡನೇ ಸಲ ಎಲ್ಲವನ್ನೂ ಹೇಳಿದಳು, ಈ ಸಲ ಎಲ್ಲರಿಗೂ ಕೇಳುವ ಹಾಗೆ. ಗುಂಡೆತ್ತುವ ಗಂಡನ ವಾಂತಿಯನ್ನೂ ಹೇಳಿದಳು, ಊಟಿಯನ್ನು ತಾನು ಇವತ್ತೇ ಮೊದಲು ನೋಡಿದ್ದನ್ನೂ ಹೇಳಿದಳು. ಅತ್ತೆ ಸುಳ್ಳು ಹೇಳಿದ್ದು ನಮಗಾಗಿ, ಅವರನ್ನು ಏನೂ ಅನ್ನಬೇಡಿ ಎಂದಳು. ಯಾರೂ ನಗಲಿಲ್ಲ. ಯಂಕಮ್ಮ ಕೂಡ ತಲೆ ಕೆಳಗೆ ಹಾಕಿದಳು. ನಗುತ್ತಾರೆ ಎಂದೇ ಇಷ್ಟು ವರ್ಷ ಹೆದರಿದ್ದಳು, ನಗದಿರುವುದು ಅದಕ್ಕಿಂತ ಕಷ್ಟವಾಗಿತ್ತು.

ಅಂಜನಾ ದಾಕ್ಷಾಯಣಮ್ಮನ ಕೈಯನ್ನು ಬಿಡಲಿಲ್ಲ, ಅಳಲೂ ಇಲ್ಲ.

"ಹೆಪ್ಪಿಗೆ ಮಜ್ಜಿಗಿ ಕೊಡ್ರಿ ಅಂತ ದಿನಾ ಮುಂಜಾನಿ ನಿಮ್ಮ ಮನಿಗೆ ಬರ್ತಿದ್ನಲ್ಲ, ಅಕ್ಕಾ," ಎಂದಳು ಸುಮಂಗಲಾಳ ಕಡೆ ತಿರುಗಿ. "ನಮ್ಮ ಮನ್ಯಾಗ ಮಜ್ಜಿಗಿ ಇರ್ತಿತ್ತು. ಆ ಫೋಟೋಕ್ಕ ಕೈ ಮುಗಿಯಾಕ ಬರ್ತಿದ್ದೆ. ನೀವು ಬಾಗಲ್ದಾಗ ನಿಂತು ನೋಡ್ತಿದ್ರಿ."

ನೋಡಿದ್ದಳು. ದಿನಾ ನೋಡಿದ್ದಳು. ಆ ಕೈಗಳು ಕೆಳಗಿಳಿಯುವ ತನಕ ಕಾದು, ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಬಟ್ಟಲಿಗೆ ಮಜ್ಜಿಗೆ ಹಾಕಿ ಕೊಟ್ಟಿದ್ದಳು. ಗಾಡಿ ಕೆಳಗಿಳಿಯುತ್ತಿತ್ತು, ಕೂತ್ಕೋ ಎಂದು ಯಾರೂ ಹೇಳಲಿಲ್ಲ, ಸುಮಂಗಲಾ ಕಂಬಿ ಹಿಡಿದು ನಿಂತೇ ಇದ್ದಳು.